ಅವಳು ಪೂರ್ತಿ ಮಾಡದ ಮಾತು

ಅವನಿಗೆ ಮಾತು ತೊದಲುತ್ತದೆ ಎಂದು ಗೊತ್ತಿದ್ದೇ, ಇಷ್ಟಪಟ್ಟೇ ಅವಳು ಮದುವೆಯಾಗಿದ್ದಳು. ಅವನು ಬಡಗಿ. ಎಂಥ ಗಂಟುಮರವಾದರೂ ಅವನ ಕೈಗೆ ಬಗ್ಗುತ್ತಿತ್ತು, ನಾಲಿಗೆ ಮಾತ್ರ ಬಗ್ಗುತ್ತಿರಲಿಲ್ಲ. ಪದದ ಮೊದಲ ಅಕ್ಷರಕ್ಕೇ ತುಟಿ ಸಿಕ್ಕಿಕೊಂಡು, ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿಹೋಗುತ್ತಿತ್ತು. ಆಗ ಆ ಪದವನ್ನು ಅವಳು ಹೇಳಿಬಿಡುತ್ತಿದ್ದಳು. ಗಿರಾಕಿಗಳ ಫೋನು ಎತ್ತುವವಳು ಅವಳೇ. ಡಾಕ್ಟರ ಮುಂದೆ ಕೂತು ಅವನಿಗೆ ಎಲ್ಲಿ ನೋವು, ಎಂಥ ನೋವು ಎಂದು ವಿವರಿಸುವವಳೂ ಅವಳೇ. ಅವನು ಪಕ್ಕದಲ್ಲಿ ತಲೆಯಾಡಿಸುತ್ತಿದ್ದ. “ನಮ್ಮನೇಲಿ ಇಬ್ಬರಿಗೂ ಸೇರಿ ಒಂದೇ ಬಾಯಿ, ಅದಕ್ಕೇ ಜಗಳ ಇಲ್ಲ” ಎಂದು ನೆಂಟರ ಮುಂದೆ ನಗುತ್ತಿದ್ದಳು. ಅವನೂ ನಗುತ್ತಿದ್ದ.

ಅವಳ ಕೆಲಸ ಸಿನಿಮಾ ಮಾಡುವುದನ್ನು ಕಲಿಸುವುದು. ಬಡಾವಣೆಯ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಒಂದು ಕ್ಯಾಮೆರಾ, ಒಂದು ಮೈಕು, ಎರಡು ದೀಪ ಇಟ್ಟುಕೊಂಡು, ಸುತ್ತಮುತ್ತಲಿನವರನ್ನು ಸೇರಿಸಿ ಚಿಕ್ಕ ಚಿತ್ರ ಮಾಡಿಸುತ್ತಿದ್ದಳು. ಚಿತ್ರ ಬರೀ ನೆಪ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವವರು ಹೆದರಿಕೆ ಬಿಡಬೇಕು, ಅದು ಅವಳ ಆಸೆ. ಅಲ್ಲಿ ಅವಳು ಇಟ್ಟ ನಿಯಮ ಒಂದೇ. ಒಬ್ಬರನ್ನು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಡುವ ಹಾಗಿಲ್ಲ. ಎಷ್ಟೇ ಹೊತ್ತಾಗಲಿ, ಕಾಯಬೇಕು.

ಆ ಸಲದ ಕಥೆ, ಮಗಳನ್ನು ಶಾಲೆಯಿಂದ ತೆಗೆದುಹಾಕಿದ್ದಕ್ಕೆ ಹೆಡ್‌ಮಾಸ್ಟರನ್ನು ಕೇಳಲು ಹೋಗುವ ಅಪ್ಪನದು. ಅಪ್ಪನ ಪಾತ್ರಕ್ಕೆ ಒಬ್ಬ ವಾಚ್‌ಮನ್ ಒಪ್ಪಿದ್ದ. ಹೆಡ್‌ಮಾಸ್ಟರ ಪಾತ್ರ ನರ್ಸಮ್ಮನದು. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದ ಮೇಲೂ ಎಲ್ಲರೂ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಬಡಗಿ ಬರುತ್ತಿದ್ದದ್ದು ಮೇಜು ಕುರ್ಚಿ ಜೋಡಿಸಲು, ದೀಪದ ಕಂಬ ಹಿಡಿಯಲು.

ಶೂಟಿಂಗ್ ದಿನ ವಾಚ್‌ಮನ್ ಬರಲಿಲ್ಲ, ಡ್ಯೂಟಿ ಬದಲಾಗಿತ್ತು. ಎಲ್ಲರೂ ಮುಖ ಮುಖ ನೋಡಿಕೊಂಡರು.

“ನಿಮ್ಮ ಯಜಮಾನರೇ ಮಾಡಲಿ ಬಿಡಿ ಮೇಡಂ” ಎಂದರು ನರ್ಸಮ್ಮ. “ಅಪ್ಪನ ಕಳೆ ಇದೆ ಮುಖದಲ್ಲಿ.”

“ಅಯ್ಯೋ, ಅವರ ಕೈಲಿ ಆಗಲ್ಲ” ಎಂದಳು ಅವಳು.

ಯೋಚಿಸಿ ಆಡಿದ ಮಾತಲ್ಲ. ಬಿಸಿ ಪಾತ್ರೆಗೆ ಕೈ ಇಡಲು ಹೋದವರನ್ನು ಎಳೆದುಕೊಳ್ಳುವ ಹಾಗೆ ಬಂದ ಮಾತು.

“ನಾನು ಕೇಳಿದ್ದು ಅವರನ್ನ” ಎಂದರು ನರ್ಸಮ್ಮ ಮೆಲ್ಲಗೆ.

ಅವನು ದೀಪದ ಕಂಬವನ್ನು ಗೋಡೆಗೆ ಒರಗಿಸಿದ. ಹೆಂಡತಿಯ ಕಡೆ ನೋಡಲಿಲ್ಲ. “ಮ್... ಮಾಡ್ತೀನಿ” ಎಂದ.

ಒಬ್ಬ ಹುಡುಗ ಕ್ಯಾಮೆರಾ ಶುರು ಮಾಡಿದ. ಅಪ್ಪ ಹೇಳಬೇಕಾದದ್ದು ಇಷ್ಟೇ: “ನನ್ನ ಮಗಳದ್ದು ಏನು ತಪ್ಪು, ಅದನ್ನ ಹೇಳಿ.” ಮೊದಲ ಸಲ ‘ನ’ ದಾಟಲಿಲ್ಲ. ಎರಡನೇ ಸಲ ‘ಮಗಳದ್ದು’ ತನಕ ಬಂದು ನಿಂತ. ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದ ಅವಳ ತುಟಿ ತಾನಾಗಿ ಅಲುಗುತ್ತಿತ್ತು. ಮೂರನೇ ಸಲ ಅವನು ‘ತ’ಕಾರಕ್ಕೆ ಸಿಕ್ಕಿಕೊಂಡಾಗ ಅವಳು ತಡೆಯಲಾರದೆ “ತಪ್ಪು” ಎಂದುಬಿಟ್ಟಳು. ಅವಳ ದನಿ ಮೈಕಿಗೆ ಸ್ಪಷ್ಟವಾಗಿ ಬಿತ್ತು.

ನರ್ಸಮ್ಮ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು. “ಮೇಡಂ, ತಪ್ಪು ತಿಳ್ಕೋಬೇಡಿ. ಒಂದು ಸ್ವಲ್ಪ ಹೊರಗಿರ್ತೀರಾ?”

ತನ್ನದೇ ಕಮ್ಮಟದಿಂದ ಅವಳು ಹೊರಗೆ ಹೋದಳು. ಮೆಟ್ಟಿಲ ಪಕ್ಕದ ಗೋಡೆಗೆ ಒರಗಿ, ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಮೊದಲು ಏನೂ ಕೇಳಿಸಲಿಲ್ಲ. ಯಾರೂ ಅವಸರ ಮಾಡುತ್ತಿರಲಿಲ್ಲ. ಆಮೇಲೆ ಅವನ ದನಿ, ತಡೆಯುತ್ತ, ಎಡವುತ್ತ, ಒಂದೊಂದೇ ಪದ ಎತ್ತಿಡುತ್ತ, ಕೊನೆಯವರೆಗೂ ಬಂತು. ಒಳಗೆ ಚಪ್ಪಾಳೆ ಬಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಖುಷಿಗೇ ಅಳು ಬಂತು ಎಂದುಕೊಂಡಳು.

ಅಲ್ಲಿಂದ ಅವನು ಬದಲಾಗತೊಡಗಿದ. ತೊದಲು ಹೋಗಲಿಲ್ಲ, ಅದರ ನಾಚಿಕೆ ಹೋಯಿತು. ಗಿರಾಕಿಗಳಿಗೆ ತಾನೇ ಫೋನು ಮಾಡಿದ. ಒಬ್ಬ ನಕ್ಕಾಗ ಇವನು “ನ... ನಕ್ಕು ಮುಗೀತಾ, ಈಗ ಬಾಗಿಲಿನ ಅಳತೆ ಹೇಳಿ” ಎಂದನಂತೆ. ಆ ಕಥೆಯನ್ನು ಅವನು ಹೇಳಿದ್ದು ನರ್ಸಮ್ಮನಿಗೆ. ಅವಳಿಗೆ ಗೊತ್ತಾದದ್ದು ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಾಗ. ಮನೆಯಲ್ಲಿ ಮಾತ್ರ ಅವನು ಮೊದಲಿಗಿಂತ ಮೌನಿಯಾಗಿದ್ದ. ಅವಳು ಏನಾದರೂ ಕೇಳಿದರೆ ತಲೆಯಾಡಿಸುತ್ತಿದ್ದ, ಅಷ್ಟೇ.

ಚಿತ್ರದ ಎಡಿಟಿಂಗಿಗೆ ಕೂತಾಗ ಅವಳಿಗೆ ಅರ್ಥವಾಯಿತು. ಮೊದಲ ಮೂರು ಸಲವೂ ಅವನ ಕಣ್ಣು ಎದುರಿಗಿದ್ದ ನರ್ಸಮ್ಮನ ಮೇಲಿರಲಿಲ್ಲ. ಕ್ಯಾಮೆರಾದ ಪಕ್ಕಕ್ಕೆ, ಅವಳು ನಿಂತಿದ್ದ ಕಡೆಗೆ ಹೊರಳುತ್ತಿತ್ತು. ಪ್ರತಿ ಪದಕ್ಕೂ ಮುಂಚೆ ಅಪ್ಪಣೆ ಕೇಳುವ ಹಾಗೆ. ಅವಳು ಹೊರಗೆ ಹೋದ ಮೇಲೆ ತೆಗೆದದ್ದರಲ್ಲಿ ಅವನು ಎದುರಿನವರನ್ನೇ ನೋಡುತ್ತಿದ್ದ. ಬೇರೆಯೇ ಗಂಡಸು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಆ ಗಂಡಸಿನ ಪರಿಚಯ ಅವಳಿಗಿರಲಿಲ್ಲ. ಅವಳು ಅದೇ ತುಣುಕನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದಳು. ಆಮೇಲೆ ಮೊದಲ ಮೂರನ್ನೂ ಅಳಿಸಿಹಾಕಿದಳು.

ಪ್ರದರ್ಶನಕ್ಕೆ ಬಡಾವಣೆಯ ಜನ ತುಂಬಿದ್ದರು. ಚಿತ್ರ ಮುಗಿದಾಗ ಅವನನ್ನು ಮುಂದೆ ಕರೆದರು. ಅವನು ನಿಧಾನವಾಗಿ ನಾಲ್ಕು ಮಾತಾಡಿದ, ಕಲಿಸಿದವರಿಗೆ ಧನ್ಯವಾದ ಹೇಳಿದ. ಜನ ಅವಳತ್ತ ತಿರುಗಿ ಕೈತಟ್ಟಿದರು. ಅವಳು ಎದ್ದು ಕೈಮುಗಿದಳು.

ಮರುದಿನ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಒಂದು ಮಾತು ಹೇಳ್ಬೇಕು. ನ... ನಡುವೆ ಬರಬೇಡ.”

“ಬರಲ್ಲ ರೀ, ಹೇಳಿ.”

“ನಿನ್ನ ಮೇಲೆ ಸಿಟ್ಟಿಲ್ಲ. ನೀನು ಇಲ್ದಿದ್ರೆ ನಾನು ಬದುಕ್ತಾನೇ ಇರಲಿಲ್ಲ. ಆದ್ರೆ ನೀನು ಪಕ್ಕದಲ್ಲಿದ್ರೆ ನನ್ನ ನಾಲಿಗೆ ನಿನ್ನನ್ನೇ ಕಾಯುತ್ತೆ. ಕೆಲಸದ ಹತ್ರ ಒಂದು ರೂಮು ನೋಡಿದ್ದೀನಿ. ನಾನು ಬೇ... ಬ್... ಬೇ...”

ಅವನ ಕಣ್ಣು ಮುಚ್ಚಿಹೋಯಿತು. ಕುತ್ತಿಗೆಯ ನರ ಉಬ್ಬಿತು. ಪದ ಯಾವುದೆಂದು ಅವಳಿಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಒಲೆ ಆರಿಸಿ, ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ತುಟಿ ಕಚ್ಚಿಕೊಂಡು ನಿಂತಳು.

“ಬೇರೆ ಇರ್ತೀನಿ” ಎಂದ ಅವನು ಕೊನೆಗೆ.

“ಸರಿ” ಎಂದಳು. ಇನ್ನೂ ಏನೇನೋ ಹೇಳಬೇಕಿತ್ತು. ಕಾಲು ಹಿಡಿದು ಬೇಡಿಕೊಳ್ಳಬೇಕೆನಿಸಿತು, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕೆನಿಸಿತು. ಬಾಯಿಗೆ ಬಂದದ್ದು ಅದೊಂದೇ.

ಅವನು ಉಳಿ ಸುತ್ತಿಗೆಗಳ ಪೆಟ್ಟಿಗೆ ಹೊತ್ತು ಹೋದ. ಬಟ್ಟೆಗೆ ಇನ್ನೊಂದು ದಿನ ಬಂದ. ಆಗೀಗ ಬಂದಾಗಲೂ ಚಪ್ಪಲಿ ಹೊರಗೇ ಬಿಟ್ಟು, ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ಎದ್ದು ಹೋಗುತ್ತಿದ್ದ. ಆಮೇಲೆ ಬರುವುದೂ ನಿಂತಿತು.

ಒಂದು ಮಧ್ಯಾಹ್ನ ಅತ್ತೆಯ, ಅವನ ತಾಯಿಯ, ಫೋನು ಬಂತು, ದೂರದ ಊರಿನಿಂದ.

“ಅಮ್ಮಾ, ನಿನ್ನ ಗಂಡ ತಾನಾಗೇ ಫೋನು ಮಾಡಿದ್ದ ಕಣೇ! ಅವನ ದನೀನ ಫೋನಲ್ಲಿ ಕೇಳಿದ್ದು ಇದೇ ಮೊದಲು. ಎಷ್ಟು ಮಾತಾಡಿದ ಅಂತೀಯಾ! ಎಲ್ಲಾ ನೀನೇ ಕಲಿಸಿದ್ದಂತೆ. ನೀನು ನೂರು ಕಾಲ ಚೆನ್ನಾಗಿರು.” ಮುದುಕಿ ಅಳುತ್ತ ನಗುತ್ತಿದ್ದಳು. “ಆದ್ರೆ ನನ್ನ ಸೊಸೆ ಹೇಗಿದ್ದಾಳೆ ಅಂತ ಕೇಳಿದ್ದಕ್ಕೆ ಮಾತ್ರ ಸುಮ್ಮನಾಗ್ಬಿಟ್ಟ. ಯಾಕೆ, ಮೈಗೆ ಹುಷಾರಿಲ್ವಾ?”

“ಹುಷಾರಾಗಿದ್ದೀನಿ ಅತ್ತೆ. ಅವರು ಈಗ ಇಲ್ಲಿಲ್ಲ. ಬೇರೆ ಮನೇಲಿದ್ದಾರೆ.”



“ಜಗಳಾನಾ?”

“ಇಲ್ಲ ಅತ್ತೆ.”

“ಇನ್ನೊಬ್ಬಳು?”

“ಇಲ್ಲ.”

“ಮತ್ತೆ ಯಾಕೆ?”

ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಅವಳು ನಿಂತಲ್ಲೇ ಕುಸಿದು ಕೂತು, ಇಷ್ಟು ದಿನ ಅಳದದ್ದನ್ನೆಲ್ಲ ಅತ್ತಳು. ಮುದುಕಿ ನಡುವೆ ಬಾಯಿ ಹಾಕಲಿಲ್ಲ. ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಕೇಳಿದಳು:

“ಊಟ ಮಾಡಿದ್ಯಾ?”

“ಇಲ್ಲ.”

“ನಿನ್ನೆ?”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ಏಳು. ಒಲೆ ಹಚ್ಚು. ಫೋನು ಇಡಬೇಡ, ಪಕ್ಕದಲ್ಲೇ ಇಟ್ಕೋ. ನೀನು ಉಣ್ಣೋ ತನಕ ನಾನು ಇಲ್ಲೇ ಇರ್ತೀನಿ.”

ಅವಳು ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಪಾತ್ರೆಗೆ ಅಕ್ಕಿ ಸುರಿದಳು.