ಸವೆಯದ ಬ್ರೇಕು

ಚಟ್ಟವನ್ನು ಹೆಗಲಿನಿಂದ ಇಳಿಸಿ ಪಿಕಪ್ಪಿನ ಹಿಂದಿನ ಹಲಗೆಗೆ ತಾಗಿಸುವಷ್ಟರಲ್ಲಿ ಅಕ್ಕು ಅಂಗಳದ ಬೇಲಿಯ ತಡಮೆ ದಾಟಿ ರಸ್ತೆಗೇ ಬಂದುಬಿಟ್ಟಳು. ಹೆಂಗಸರು ತಡಮೆಯ ವರೆಗೆ ಬಂದು, ಅಲ್ಲೇ ನಿಂತು ಅತ್ತು, ಮನೆಯೊಳಗೆ ಹೋಗುವುದು ಕ್ರಮ. ಅಕ್ಕು ಅಳುತ್ತಿರಲಿಲ್ಲ.

"ಮೇಲೆ ಇಡಬೇಡಿ," ಎಂದಳು. "ಇವರನ್ನು ನಾನು ಈ ಗಾಡಿಯಲ್ಲಿ ಕಳಿಸುವುದಿಲ್ಲ."

ಹೊತ್ತವರು ಪೂವಪ್ಪನ ಮುಖ ನೋಡಿದರು. ಪೂವಪ್ಪ ಸತ್ತ ದುಗ್ಗಪ್ಪನ ತಮ್ಮ, ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವ. ಅತ್ತಿಗೆಯ ಎದುರು ಮಾತಾಡಿ ಅಭ್ಯಾಸ ಇಲ್ಲದ ಅವನು, ದಣಿಗಳು ಮರ್ಯಾದೆಗೆಂದು ಕಳಿಸಿದ ಗಾಡಿ, ಸುಡುಗಾಡು ಗುಡ್ಡದ ಬುಡದಲ್ಲಿ, ಈ ಬಿಸಿಲಿಗೆ ಅಷ್ಟು ದೂರ ಹೊರುವುದು ಕಷ್ಟ ಎಂದು ತಡವರಿಸಿದ.

"ಯಾವ ಗಾಡಿ ಅಂತ ನೋಡಿದಿಯಾ ನೀನು?"

ನೋಡದೆ ಎಂತ? ನೆರೆದವರೆಲ್ಲ ನೋಡಿದ್ದರು, ನೋಡಿ ಸುಮ್ಮನಿದ್ದರು. ಕಳೆದ ವಾರ ಇದೇ ಬಿಕರ್ನಕಟ್ಟೆಯ ಇಳಿಜಾರಿನಲ್ಲಿ ಹೆಂಚು ತುಂಬಿಕೊಂಡು ಇಳಿಯುವಾಗ ಇದೇ ಪಿಕಪ್ಪಿಗೆ ಬ್ರೇಕ್ ಹಿಡಿಯಲಿಲ್ಲ. ಎದುರಿನಿಂದ ಹುಲ್ಲಿನ ಹೊರೆ ಹೊತ್ತ ಹೆಂಗಸರು ಬರುತ್ತಿದ್ದರು. ದುಗ್ಗಪ್ಪ ಗಾಡಿಯನ್ನು ಗುಡ್ಡ ಕಡಿದ ಪಕ್ಕದ ಕೆಂಪು ಮುರಕಲ್ಲಿನ ಬರೆಗೆ ಗುದ್ದಿಸಿದ. ಹೆಂಗಸರು ಉಳಿದರು. ಸ್ಟೇರಿಂಗು ಎದೆಗೆ ನುಗ್ಗಿದ ದುಗ್ಗಪ್ಪ ಕಂಕನಾಡಿಯ ಆಸ್ಪತ್ರೆಯಲ್ಲಿ ನರಳಿ ನರಳಿ ನಿನ್ನೆ ಸಂಜೆ ಹೋದ. ಗಾಡಿ ಮಾತ್ರ ಬೇಗ ಗುಣವಾಗಿತ್ತು. ಮಡ್‌ಗಾರ್ಡು ಬಡಿದು ನೆಟ್ಟಗೆ ಮಾಡಿ, ರೇಡಿಯೇಟರಿಗೆ ಬೆಸುಗೆ ಹಾಕಿಸಿ, ಸಮದ್ ಎಂಬ ಹೊಸ ಡ್ರೈವರನನ್ನು ಕೂರಿಸಿ ಆಗಲೇ ಹೆಂಚು ಹೊರಲು ಹಚ್ಚಿದ್ದರು. ಆಸ್ಪತ್ರೆಗೆ ಒಮ್ಮೆ ಹೋಗಿ ಬರಲು ಮಾತ್ರ ದಣಿಗೆ ಪುರುಸೊತ್ತು ಆಗಿರಲಿಲ್ಲ.

ಈಗ ಪುರುಸೊತ್ತು ಧಾರಾಳ ಇತ್ತು. ಗಾಡಿಯ ಯಜಮಾನ ಮೋಹನದಾಸ ದಣಿ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು, ಬೆಳಿಗ್ಗೆಯಿಂದ ರಸ್ತೆಯ ಆಚೆ ಬದಿಯ ಮರದ ನೆರಳಿನಲ್ಲಿ ನಿಂತಿದ್ದರು. ಬಂದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು. ದುಗ್ಗಪ್ಪನಂಥ ಡ್ರೈವರ್ ಇನ್ನು ಹುಟ್ಟಬೇಕಷ್ಟೆ; ಬೇರೆಯವರು ಒಂದೇ ಮಳೆಗಾಲಕ್ಕೆ ಬ್ರೇಕಿನ ಪಟ್ಟಿ ತಿಂದು ಹಾಕುತ್ತಾರೆ, ಇವನ ಕೈಯಲ್ಲಿ ಅದು ಸವೆಯುವುದೇ ಇಲ್ಲ. ಹೀಗೆ ಹೊಗಳಿ, ಮತ್ತೆ ಸ್ವರ ತಗ್ಗಿಸಿ, ಗಾಡಿಯಲ್ಲಿ ಏನೂ ದೋಷ ಇರಲಿಲ್ಲ, ಆ ದಿನ ಅವನ ಹೊಟ್ಟೆಗೆ ಸ್ವಲ್ಪ ಕಳ್ಳು ಹೋಗಿರಬೇಕು ಎನ್ನುತ್ತಿದ್ದರು. ಸಾವಿನ ಮನೆಯಲ್ಲಿ ಸುಳ್ಳು ಹೇಳಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲವೋ ಏನೋ. ಇದ್ದಿದ್ದರೆ ದೊಡ್ಡವರು ಬಾಯಿ ಕಟ್ಟಿಕೊಂಡು ಬರಬೇಕಾಗುತ್ತಿತ್ತು.

ದುಗ್ಗಪ್ಪ ಕುಡಿಯುತ್ತಿರಲಿಲ್ಲ ಎಂದು ಯಾರೂ ಆಣೆ ಹಾಕುವುದಿಲ್ಲ. ಆದಿತ್ಯವಾರ ಮೀನಿನ ಸಾರಿನ ಜೊತೆ ಒಂದು ಕುಡ್ತೆ ಕಳ್ಳು ಕುಡಿದು, ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಗಾಡಿ ಗುದ್ದಿದ್ದು ಮಂಗಳವಾರ ಬೆಳಿಗ್ಗೆ, ಗಂಜಿ ಉಂಡು ಹೋದ ಮೇಲೆ. ಆ ಗಂಜಿ ಬಡಿಸಿದವಳು ತಡಮೆಯ ಈಚೆ ನಿಂತು ಈ ಮಾತನ್ನು ಬಂದವರ ಬಾಯಿಂದ ಮುಂಜಾನೆಯಿಂದ ಕೇಳಿಸಿಕೊಂಡಿದ್ದಳು. ಗಂಡ ಹೋದದ್ದು ಹೋದ. ಅವನು ಕುಡಿದು ಗುದ್ದಿ ಸತ್ತ ಎಂಬ ಹೆಸರನ್ನೂ ಅವನ ಜೊತೆ ಸುಡಲಾಗುತ್ತದೆಯೇ? ಅದು ಊರಲ್ಲೇ ಉಳಿಯುತ್ತದೆ.

* * *

ಬ್ರೇಕಿನ ವಿಷಯದಲ್ಲಿ ದುಗ್ಗಪ್ಪನಿಗೆ ಜಂಬ ಇದ್ದದ್ದು ಹೌದು.

ಇಳಿಜಾರು ಬರುವ ಮೊದಲೇ ಅವನು ಗೇರು ಇಳಿಸುತ್ತಿದ್ದ. ಇಂಜಿನು ತಡೆಯುವಷ್ಟು ತಡೆಯಲಿ ಎಂದು ಬಿಟ್ಟು, ತೀರಾ ಕೊನೆಗೆ ಪೆಡಲಿನ ಮೇಲೆ ಕಾಲು ಇಡುವುದು. ಉದ್ದಕ್ಕೂ ಬ್ರೇಕ್ ತುಳಿದುಕೊಂಡೇ ಇಳಿಯುವವರನ್ನು ಕಂಡರೆ, ಇವ ಗಾಡಿ ಓಡಿಸುವುದಲ್ಲ ಮಾರಾಯ, ಹೊಲಿಗೆ ಮಿಷನ್ ತುಳಿಯುವುದು ಎಂದು ನಗುತ್ತಿದ್ದ. ದಣಿ ಬೇರೆ ಡ್ರೈವರುಗಳ ಎದುರು ಹೊಗಳಿದ ದಿನ ಮನೆಗೆ ಬಂದು, ಊಟಕ್ಕೆ ಕೂತು, ಅದೇ ಹೊಗಳಿಕೆಯನ್ನು ಮತ್ತೆ ಮತ್ತೆ ಹೇಳುವನು.

ಹಾಗೆಂದರೆ ಎಂತ ಎಂದು ಅಕ್ಕು ಒಮ್ಮೆ ಕೇಳಿದ್ದಳು. ಅವನು ತೆಂಗಿನ ಒಂದು ಗೆರಟೆ ಎತ್ತಿಕೊಂಡು, ಅದರೊಳಗೆ ಎರಡು ಬೆರಳು ಅಗಲಿಸಿ ತೋರಿಸಿದ. ಗಾಲಿಯ ಒಳಗೆ ಹೀಗೆ ಎರಡು ಶೂ ಉಂಟು, ಪೆಡಲು ಒತ್ತಿದರೆ ಅಗಲಿಸಿಕೊಂಡು ಹಿಡಿಯುತ್ತದೆ, ಹಿಡಿದ ಹಾಗೆಲ್ಲ ಮೇಲಿನ ಪಟ್ಟಿ ಸವೆಯುತ್ತದೆ. ಚಪ್ಪಲಿಯ ಅಟ್ಟೆಯ ಹಾಗೆ. ಎಷ್ಟು ಕಾಲ ಬರುತ್ತದೆ ಎಂಬುದು ನಡೆಯುವವನ ಮೇಲೆ.

"ಜಾಗ್ರತೆಯಲ್ಲಿ ನಡೆದರೂ ಅಟ್ಟೆ ಸವೆಯದೆ ಇರ್ತದಾ?" ಎಂದಿದ್ದಳು ಅಕ್ಕು.

ಅಷ್ಟು ಬುದ್ಧಿ ದಣಿಗೂ ಇತ್ತು. ಆದರೆ ಬೆರಳು ಕೊಟ್ಟರೆ ಹಸ್ತ ನುಂಗುವ ಜನ. ಒಂದು ಮಳೆಗಾಲದ ಪಟ್ಟಿ ದುಗ್ಗಪ್ಪನ ಕೈಯಲ್ಲಿ ಎರಡು ಮಳೆಗಾಲ ಬಂತು. ಎರಡು ಬಂದದ್ದು ಮೂರು ಯಾಕೆ ಬರಬಾರದು? ಅಷ್ಟರಲ್ಲಿ ಮಹಾಯುದ್ಧ ಜೋರಾಗಿ ಮದರಾಸಿನಿಂದ ಪಟ್ಟಿ ಬರುವುದೇ ನಿಂತಿತು. ಬೇಕೆಂದು ಹುಡುಕಿದವರಿಗೆ ಸಿಗುತ್ತಿತ್ತು, ದಣಿ ಹುಡುಕಲಿಲ್ಲ. ಮೆಕ್ಯಾನಿಕ್ ರೇಮಂಡ್ ಪೊರ್ಬು ಹೆಂಚಿನ ಕಾರ್ಖಾನೆಯ ಮಿಷನಿನ ಹಳೆಯ ತೊಗಲಿನ ಬೆಲ್ಟನ್ನು ತುಂಡು ಮಾಡಿ ಶೂಗಳಿಗೆ ರಿವಿಟ್ ಹೊಡೆದು ಕೂರಿಸಿದ. ಇದು ಒಂದು ವಾರದ ಕೆಲಸಕ್ಕೆ ಮಾತ್ರ, ಇದನ್ನು ನಂಬಿ ಗುಡ್ಡಕ್ಕೆ ಲೋಡ್ ಹಾಕಬೇಡಿ ಎಂದು ದಣಿಯ ಮುಖಕ್ಕೇ ಹೇಳಿದ.

"ದುಗ್ಗಪ್ಪ ಇದ್ದಾನಲ್ಲ," ಎಂದಿದ್ದರು ದಣಿ.

ಒಂದು ವಾರದ ಬೆಲ್ಟು ದೀಪಾವಳಿ ದಾಟಿ ಶಿವರಾತ್ರಿಗೆ ಬಂತು. ಪಟ್ಟಿ ಹಾಕಬೇಕಾದ ಜಾಗಕ್ಕೆ ಒಬ್ಬ ಮನುಷ್ಯನನ್ನೇ ಹಾಕಿದ ಮೇಲೆ ದಣಿಗೆ ಎಂತ ಚಿಂತೆ? ಸಂಜೆ ದುಗ್ಗಪ್ಪ ಮನೆಗೆ ಬಂದರೆ ಅಂಗಿಯಿಂದ ಸುಟ್ಟ ತೊಗಲಿನ ವಾಸನೆ ಬರುತ್ತಿತ್ತು. ಇನ್ನು ಓಡಿಸುವುದಿಲ್ಲ ಎಂದು ದಣಿಗೆ ಹೇಳಿ ಎಂದು ಅಕ್ಕು ಜಗಳ ಮಾಡಿದಳು.

"ನಾನು ಬಿಟ್ಟರೆ ಬೇರೆ ಯಾರನ್ನಾದರೂ ಕೂರಿಸ್ತಾರೆ. ಅವನಿಗೆ ಗೊತ್ತಾಗುವುದಿಲ್ಲ, ಯಾರನ್ನಾದರೂ ಕೊಲ್ತಾನೆ," ಎಂದ ಅವನು. ಅದು ಅರ್ಧ ನಿಜ. ಉಳಿದರ್ಧ ಜಂಬ.

ಆದರೆ ಅದೇ ವಾರ ಅವನು ಹಿತ್ತಿಲಿನಲ್ಲಿ ಕೂತು, ಹಲಸಿನ ಮರದ ತುಂಡನ್ನು ಕತ್ತಿಯಿಂದ ಕೆತ್ತಿ, ಗಾಲಿಯ ಅಡಿಗೆ ಕೊಡಲು ಒಂದು ಅಡೆ ಮಾಡಿದ. ನಿಲ್ಲಿಸಿದಲ್ಲೂ ಗಾಡಿ ನಿಲ್ಲುತ್ತಿರಲಿಲ್ಲ. ಗೇರಿಗೆ ಹಾಕಿದರೆ ಗೇರು ಹಾರುತ್ತಿತ್ತು. ಬ್ರೇಕ್ ಅಷ್ಟು ಒಳ್ಳೆಯದಾದರೆ ಇದು ಎಂತಕ್ಕೆ ಎಂದು ಅಕ್ಕು ಕೇಳಿದಳು. ಅವನು ತಲೆ ಎತ್ತದೆ ಕೆತ್ತುತ್ತಲೇ ಇದ್ದ.

* * *

ಚಟ್ಟ ಮತ್ತೆ ಹೆಗಲುಗಳ ಮೇಲೆಯೇ ಇತ್ತು. ದಣಿ ಕೊಡೆ ಮಡಚಿ ರಸ್ತೆ ದಾಟಿ ಬಂದು ಗಾಡಿಯ ಮುಂದೆ, ಇಳಿಜಾರಿನ ಬದಿಯಲ್ಲಿ ನಿಂತರು.

"ಎಂತ ಅಕ್ಕೂ ಇದು? ಹೆಣವನ್ನು ಹೀಗೆ ದಾರಿಯಲ್ಲಿ ಕಾಯಿಸಬಾರದು."

"ದಣಿಗಳೇ, ಒಂದು ಕೇಳ್ತೇನೆ. ಈ ಗಾಡಿಗೆ ಬ್ರೇಕ್ ಸರಿ ಉಂಟಾ?"

"ಸರಿ ಇಲ್ಲದೆ? ಈಗಲೂ ಸರಿ ಉಂಟು, ಆ ದಿನವೂ ಸರಿ ಇತ್ತು."

"ಹಾಗಾದರೆ ಇವರು ಕುಡಿದದ್ದೇ."

"ನಾನು ಹೇಳಿದ್ದಲ್ಲ ಅದು. ಜನ ಹೇಳುವುದು."

ಗುಂಪಿನ ಹಿಂದೆ ರೇಮಂಡ್ ಪೊರ್ಬು ಬಾಯಿ ತೆರೆದ. ದಣಿ ಆ ಕಡೆ ನೋಡಿದರು. ಪೊರ್ಬು ಬಾಯಿ ಮುಚ್ಚಿ, ಕೈಯಲ್ಲಿದ್ದ ಟೊಪ್ಪಿಯನ್ನು ತಿರುಗಿಸತೊಡಗಿದ. ದಣಿಯ ಮೂರು ಗಾಡಿಗಳೂ ರಿಪೇರಿಗೆ ಬರುತ್ತಿದ್ದುದು ಅವನಲ್ಲಿಗೇ. ತಡಮೆಯ ಬಳಿ ಹುಲ್ಲು ಹೊರುವ ದೇಯಿ ನಿಂತಿದ್ದಳು. ಅವಳು ಮತ್ತು ಅವಳ ಜೊತೆಯವರು ಉಳಿಯಲೆಂದೇ ದುಗ್ಗಪ್ಪ ಬರೆಗೆ ಗುದ್ದಿದ್ದು. ಅವಳು ಅಳುತ್ತಿದ್ದಳು, ಆದರೆ ಅವಳ ಮಾತನ್ನು ಯಾರು ಕೇಳುತ್ತಾರೆ?

ಅಕ್ಕು ಸ್ವಲ್ಪ ಹೊತ್ತು ಗಾಡಿಯ ಗಾಲಿಯನ್ನೇ ನೋಡಿದಳು.

"ಆಗಲಿ," ಎಂದಳು. "ಸರಿ ಉಂಟು ಅಂತ ನೀವೇ ಹೇಳ್ತೀರಿ. ಇದರಲ್ಲೇ ಹೋಗಲಿ. ಜೊತೆಗೆ ಇವರ ಕೈಯದ್ದು ಒಂದು ಹೋಗಬೇಕಲ್ಲ?"

ಆ ಮನೆಯಲ್ಲಿ ಸತ್ತವರ ಕೈಯ ವಸ್ತು ಒಂದನ್ನು ಚಿತೆಗೆ ಇಡುವುದು ಮೊದಲಿನಿಂದ ಬಂದದ್ದು. ದುಗ್ಗಪ್ಪನ ಅಪ್ಪನ ಜೊತೆ ಅವನು ಕಳ್ಳು ಇಳಿಸುತ್ತಿದ್ದ ಮೂರ್ತೆಯ ಕತ್ತಿ ಹೋಗಿತ್ತು. ಪೂವಪ್ಪ ನೆನಪಿನಿಂದ ಅಣ್ಣನ ಎಲೆಯಡಿಕೆಯ ಪೆಟ್ಟಿಗೆ ತಂದಿಟ್ಟುಕೊಂಡಿದ್ದ, ಅದನ್ನು ತೋರಿಸಿದ.

"ಅದಲ್ಲ. ಗಾಲಿಯ ಅಡಿಯಲ್ಲಿ ಉಂಟಲ್ಲ, ಆ ಅಡೆ. ನಮ್ಮ ಹಲಸಿನದ್ದು, ಅವರೇ ಕೆತ್ತಿದ್ದು. ತೆಗೆ ಅದನ್ನು."

ಪೂವಪ್ಪ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಮುಂದಿನ ಗಾಲಿಯ ಅಡಿಗೆ ಕೈ ಹಾಕಿದ.

"ಏಯ್, ತೆಗೀಬೇಡ! ಬ್ರೇಕ್ ಇಲ್ಲ ಮಾರಾಯ ಅದಕ್ಕೆ!"

ಕೂಗಿದ ದಣಿ ಆಗಲೇ ಪಂಚೆ ಎತ್ತಿಕೊಂಡು ರಸ್ತೆಯ ಪಕ್ಕದ ಮಳೆನೀರಿನ ತೋಡಿಗೆ ಹಾರಿದ್ದರು. ಕೊಡೆ ಗಾಡಿಯ ಮುಂದೆ ಬಿದ್ದಿತ್ತು. ಪೂವಪ್ಪನ ಕೈ ಅಡೆಯ ಮೇಲೆಯೇ ಇತ್ತು. ಅವನು ಇನ್ನೂ ಅದನ್ನು ಎಳೆದಿರಲಿಲ್ಲ.

ಸಮದ್ ಸೀಟಿನಿಂದ ಇಳಿದು ಬಂದ. ಮೂರು ದಿನದಿಂದ ಅದೇ ಸೀಟಿನಲ್ಲಿ ಕೂತು ಇದೇ ಗುಡ್ಡ ಇಳಿದವನು ಅವನು. ರೇಮಂಡ್ ಪೊರ್ಬು ಟೊಪ್ಪಿಯನ್ನು ಕಲ್ಲಿನ ಗೋಡೆಯ ಮೇಲೆ ಇಟ್ಟು ಮುಂದೆ ಬಂದು, "ನಾನು ಹಾಕಿದ್ದು ಬೆಲ್ಟಿನ ತುಂಡು, ಒಂದು ವಾರಕ್ಕೆ ಅಂತ," ಎಂದ. ಯಾರಿಗೆ ಹೇಳಿದ್ದೋ. ಹೇಳಿ, ಚಟ್ಟದ ಒಂದು ಮೂಲೆಗೆ ಹೆಗಲು ಕೊಟ್ಟ. ಇನ್ನೊಂದಕ್ಕೆ ಸಮದ್ ಹೋದ.

"ಅಡೆ ನಮ್ಮದು, ಅದು ಇವರ ಜೊತೆ ಹೋಗ್ತದೆ," ಎಂದಳು ಅಕ್ಕು. "ಗಾಡಿ ನಿಮ್ಮದು. ಕಲ್ಲು ನೀವೇ ಇಡಿ ದಣಿಗಳೇ. ಅಲ್ಲಿಯವರೆಗೆ ಪೂವಪ್ಪ ಕಾಯ್ತಾನೆ."

ದಣಿ ಸುತ್ತಲೂ ನೋಡಿದರು. ಕರೆದರೆ ಓಡಿ ಬರುವ ಹತ್ತು ಜನ ಅಲ್ಲಿ ಯಾವಾಗಲೂ ಇರುತ್ತಿದ್ದರು. ಇಂದೂ ಇದ್ದರು. ಒಬ್ಬನೂ ಅಲುಗಲಿಲ್ಲ. ಕೊನೆಗೆ ಅವರೇ ತೋಡಿನ ಬದಿಯಿಂದ ಒಂದು ಮುರಕಲ್ಲನ್ನು ಹೊಟ್ಟೆಗೆ ಆನಿಸಿಕೊಂಡು ತಂದು, ಕುಕ್ಕರುಗಾಲಿನಲ್ಲಿ ಕೂತು ಗಾಲಿಯ ಅಡಿಗೆ ತುರುಕಿದರು. ಪೂವಪ್ಪ ಅಡೆಯನ್ನು ಎಳೆದುಕೊಂಡ. ಗಾಡಿ ಒಮ್ಮೆ ನರಳಿ ಕಲ್ಲಿನ ಮೇಲೆ ಭಾರ ಹಾಕಿತು. ಕಲ್ಲಿನ ಅಂಚು ಪುಡಿಯಾಗಿ ಉದುರಿತು.

ಚಟ್ಟ ಹೊರಟಿತು. ದುಗ್ಗಪ್ಪನ ಕಾಲಿನ ಬಳಿ, ಅಕ್ಕು ಇಟ್ಟಲ್ಲಿ, ಹಲಸಿನ ಅಡೆ ಇತ್ತು. ಹೊತ್ತವರು ಇಳಿಜಾರಿನಲ್ಲಿ ಹೆಜ್ಜೆ ನೋಡಿ ನೋಡಿ ಇಡುತ್ತ, ಅವನು ಗಾಡಿ ಇಳಿಸುತ್ತಿದ್ದಷ್ಟೇ ನಿಧಾನವಾಗಿ ಇಳಿದರು.

"ಒಬ್ಬನಾದರೂ ಬಾ ಮಾರಾಯ, ಇದು ಜಾರ್ತದೆ," ಎಂದು ಹಿಂದಿನಿಂದ ಸ್ವರ ಬಂತು. ಯಾರೂ ತಿರುಗಿ ನೋಡಲಿಲ್ಲ. ಅಕ್ಕು ತಡಮೆ ದಾಟಿ ಒಳಗೆ ಹೋದಳು. ಬಿಸಿಲು ನೆತ್ತಿಗೆ ಏರಿತ್ತು, ರಸ್ತೆ ಖಾಲಿಯಾಗಿತ್ತು. ಕೆಂಪು ಮಣ್ಣಾದ ಪಂಚೆಯಲ್ಲಿ, ಎರಡೂ ಕೈಯಿಂದ ಕಲ್ಲನ್ನು ಒತ್ತಿ ಹಿಡಿದು, ದಣಿ ಗಾಲಿಯ ಬುಡದಲ್ಲಿ ಕೂತೇ ಇದ್ದರು.