ಐದನೇ ಕೊಳವೆಯ ಹಾವಸೆ

ಸರೋವರದ ಕೆಸರನ್ನು ಓದಿ ಹಳೆಯ ಕಾಲದ ಹವೆ ಹೇಳುವ ಆ ಪ್ರಯೋಗಾಲಯಕ್ಕೆ ಅವಳ ಅಕ್ಕನ ಗಂಡನೇ ಮುಖ್ಯಸ್ಥ. ಆದರೆ ಆ ಮಹಾನುಭಾವ ಕೆಸರು ಮುಟ್ಟಿದ್ದನ್ನು ಅವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ತಣ್ಣನೆಯ ಕೋಣೆಯಲ್ಲಿ ಕೂತು ಕೊಳವೆ ಸೀಳುವುದು, ಕೆಸರು ಕೆರೆಯುವುದು, ಪದರ ಅಳೆಯುವುದು ಎಲ್ಲ ಅವಳ ಕೆಲಸ. ಅದರ ಬಗ್ಗೆ ಕೊಚ್ಚಿಕೊಳ್ಳುವುದು ಭಾವನ ಕೆಲಸ.

ಧ್ರುವದ ಹತ್ತಿರದ ಸರೋವರಕ್ಕೆ ತಂಡ ಹೊರಟಾಗ ಅವನೂ ಹೊರಟಿದ್ದ. ಹಡಗು ಅಲುಗಾಡಿದ್ದೇ ತಡ, ಹೊಟ್ಟೆ ತೊಳಸಿ ಮಲಗಿದವನು ದಡಕ್ಕೆ ಇಳಿಯಲೇ ಇಲ್ಲ. ವಾಪಸು ಬಂದಮೇಲೆ ಮಾತ್ರ ಸಂದರ್ಶನದ ಮೇಲೆ ಸಂದರ್ಶನ. "ಹಿಮಯುಗದುದ್ದಕ್ಕೂ ಆ ಸರೋವರದ ಮೇಲೆ ಹಿಮನದಿ ಕೂತಿತ್ತು. ಅಲ್ಲಿ ಜೀವ ಅನ್ನೋದೇ ಇರಲಿಲ್ಲ" ಎಂದು ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದ.

ಸರೋವರದ ತಳದಿಂದ ಕೊರೆದು ತಂದ ಕೆಸರು ಆರು ಕೊಳವೆಗಳಲ್ಲಿತ್ತು. ಐದನೆಯದನ್ನು ಉದ್ದಕ್ಕೆ ಸೀಳಿ ಕೆರೆದಾಗ, ಬೂದು ಜೇಡಿಯ ನಡುವೆ ಬೆರಳಗಲದ ಕಂದು ಪಟ್ಟಿಯೊಂದು ಕಂಡಿತು. ಭೂತಗನ್ನಡಿ ಹಿಡಿದು ನೋಡಿದಳು. ಹಾವಸೆ! ಕಾಲ ಅಳೆಸಿದರೆ ಇಪ್ಪತ್ತೆಂಟು ಸಾವಿರ ವರ್ಷ ಹಳೆಯದು, ಹಿಮಯುಗದ್ದೇ. ನೀರಿನ ತಳಕ್ಕೆ ಬಿಸಿಲು ಇಳಿಯದೆ ಹಾವಸೆ ಹೇಗೆ ಬೆಳೆದೀತು? ಅಂದರೆ ಆ ದಿನಗಳಲ್ಲಿ ಹಿಮನದಿ ಹಿಂದೆ ಸರಿದಿತ್ತು, ಸರೋವರ ಕಣ್ಣು ಬಿಟ್ಟಿತ್ತು.

ಅವಳು ತೆಗೆದ ಪಟ್ಟಿಯ ಚಿತ್ರ ನೋಡಿ ಭಾವ ಮೂಗು ಮುರಿದ. "ಮೇಲಿನ ಪದರದ್ದು ಜಾರಿ ಕೆಳಗೆ ಬಿದ್ದಿದೆ. ಇಲ್ಲಾ, ನೀನು ಚಾಕು ಸರಿಯಾಗಿ ತೊಳೆದಿಲ್ಲ."

"ಹಾವಸೆಯ ದಂಟುಗಳು ನೆಟ್ಟಗೆ ನಿಂತಿವೆ ಸರ್. ಜಾರಿ ಬಿದ್ದದ್ದು ನಿಲ್ಲುತ್ತಾ?"

"ನಿನಗೆ ಕೊಯ್ಯೋದಕ್ಕೆ ಸಂಬಳ ಕೊಡೋದು, ಯೋಚನೆ ಮಾಡೋದಕ್ಕಲ್ಲ. ಪದರಗಳ ನಕ್ಷೆಯಲ್ಲಿ ಆ ಪಟ್ಟಿ ಬೇಡ."

ಅವಳು ಎದುರಾಡಲಿಲ್ಲ. ಇವನ ಜೊತೆ ವಾದ ಮಾಡುವುದಕ್ಕಿಂತ ಕೆಸರಿನ ಜೊತೆ ಮಾತಾಡುವುದು ಮೇಲು ಅನ್ನಿಸಿತು. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಪಟ್ಟಿ ಬಿಟ್ಟು ನಕ್ಷೆ ಬರೆಯಲು ಮಾತ್ರ ಒಪ್ಪಲಿಲ್ಲ. ಭಾವ ಇನ್ನೊಬ್ಬರಿಂದ ಬರೆಸಿಕೊಂಡ.

ತಿಂಗಳಾದ ಮೇಲೆ ಹೊರಗಿನಿಂದ ಪರಿಶೀಲನಾ ತಂಡ ಬಂತು. ಅದರ ಹಿರಿಯ ವಿಜ್ಞಾನಿ, ಬಿಳಿ ಕೂದಲಿನ ಹೆಂಗಸು, ನಕ್ಷೆಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. "ಕೊಳವೆ ಕೊಯ್ದವರು ಯಾರು? ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯಾ?"

"ಬಿಟ್ಟುಹೋಗಿಲ್ಲ, ಐದನೆಯದರ ಒಂದು ಪಟ್ಟಿಯನ್ನು ಬೇಕಂತಲೇ ಬಿಡಿಸಿದ್ದಾರೆ" ಎಂದಳು ಅವಳು.

ಭಾವನ ಮುಖ ಹುಳ್ಳಗಾಯಿತು. "ಅದು ಚಾಕುವಿನ ಕೊಳಕು ಮೇಡಂ..."

ಪ್ರತಿ ಕೊಳವೆಯ ಒಂದು ಅರ್ಧವನ್ನು ಯಾರೂ ಮುಟ್ಟದಂತೆ ಸುತ್ತಿ ಇಡುವುದು ಅಲ್ಲಿನ ಪದ್ಧತಿ. ಅವಳು ಐದನೆಯದರ ಆ ಅರ್ಧವನ್ನು ತಂದು, ಹೊಸ ಚಾಕುವನ್ನು ವಿಜ್ಞಾನಿಯ ಕೈಗೇ ಕೊಟ್ಟಳು. ಅವರು ನಿಧಾನವಾಗಿ ಕೆರೆದರು. ಅದೇ ಅಳತೆಯಲ್ಲಿ ಅದೇ ಕಂದು ಪಟ್ಟಿ. ದಂಟುಗಳು ನೆಟ್ಟಗೆ ನಿಂತಿದ್ದವು.

ಮುಂದೆ ಆದದ್ದನ್ನು ಅವಳು ಊಹಿಸಿಯೇ ಇರಲಿಲ್ಲ. ಭಾವ ಗಂಟಲು ಸರಿಮಾಡಿಕೊಂಡು, "ನನಗೆ ಮೊದಲಿಂದಲೂ ಈ ಅನುಮಾನ ಇತ್ತು" ಎಂದ! ನಾಚಿಕೆ ಅನ್ನುವುದು ಆ ಮುಖದ ಹತ್ತಿರವೂ ಸುಳಿಯಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ. ಇಷ್ಟು ಸಣ್ಣ ಮನುಷ್ಯನಿಗೆ ಇಷ್ಟು ವರ್ಷ ಎದ್ದು ನಿಂತು ನಮಸ್ಕಾರ ಮಾಡಿದೆನಲ್ಲ ಎಂದು ಹೇಸಿಗೆಯಾಯಿತು. ಬಿಳಿ ಕೂದಲಿನ ಹೆಂಗಸು ಅವನತ್ತ ತಿರುಗಿಯೂ ನೋಡದೆ ಅವಳನ್ನು ಕೇಳಿದರು: "ಇನ್ನೊಂದು ಕಡೆ ಕೊರೆದು ನೋಡಬೇಕು. ನೀವು ಬರ್ತೀರಾ?"

"ಬರ್ತೀನಿ."

ಆ ಭಾನುವಾರ ಅಕ್ಕ ಫೋನ್ ಮಾಡಿದಳು. "ಏನೋ ದೊಡ್ಡದು ಕಂಡುಹಿಡಿದಿದ್ದಾರಂತೆ ನಿಮ್ಮ ಭಾವ. ನೀನೂ ಸಹಾಯ ಮಾಡಿದೆಯಂತೆ?"

"ಅಕ್ಕಾ, ನಿನ್ನ ಗಂಡ ಸುಳ್ಳ ಕಣೆ."

ಅಕ್ಕ ತಣ್ಣಗೆ ಹೇಳಿದಳು: "ಹದಿನೆಂಟು ವರ್ಷದಿಂದ ನನಗದು ಗೊತ್ತು. ನಿನಗೆ ಗೊತ್ತಾಗೋದಕ್ಕೆ ಇಷ್ಟು ದಿನ ಬೇಕಾಯ್ತಾ?"