ಭಾಲ್ಕಿಯ ಕಟ್ಟು

ಠಾಣಾ ಕುಶನೂರಿನಿಂದ ಮುಂಜಾನೆಯ ಬಸ್ಸು ಹಿಡಿದು ಶಾಲುಬಾಯಿ ಬೀದರಿನ ನೌಬಾದದಲ್ಲಿ ಇಳಿದದ್ದು ಮಗಳನ್ನು ನೋಡಲಿಕ್ಕಲ್ಲ, ಮಗಳ ಸಾಹೇಬರಿಗೆ ಜವಾಬು ಕೊಡಲಿಕ್ಕೆ.

ಮಗಳು ಮಹಾಮಾಯಾ ಅಲ್ಲಿಯ ಪ್ರಯೋಗಾಲಯದಲ್ಲಿ, ತೊಗರಿ ಗಿಡವನ್ನು ಒಣಗಿಸುವ ನೆಟೆರೋಗದ ಶಿಲೀಂಧ್ರದ ಮೇಲೆ ಎರಡು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ಅವಳಿಗಾಗಿ ಶಾಲುಬಾಯಿ ಔರಾದ ಸೀಮೆಯ ತನ್ನ ಹೊಲದಿಂದಲೂ ಭಾಲ್ಕಿಯ ತಂಗಿಯ ಹೊಲದಿಂದಲೂ ಒಣಗಿದ ಗಿಡಗಳನ್ನು ಬೇರುಸಹಿತ ಕಿತ್ತು, ಇಪ್ಪತ್ತಿಪ್ಪತ್ತರ ಎರಡು ಕಟ್ಟು ಮಾಡಿ ತಂದುಕೊಟ್ಟಿದ್ದಳು. ಈಗ ಅನೀಲಕುಮಾರ ಸಾಹೇಬರು ಮಹಾಮಾಯಾಳಿಗೆ, ಎರಡೂ ಕಟ್ಟಿನ ಶಿಲೀಂಧ್ರ ಒಂದೇ, ನಿನ್ನ ತಾಯಿ ಕಲಸಿಬಿಟ್ಟಿದ್ದಾರೆ, ಎಲ್ಲ ಕೈಬಿಡು ಎಂದಿದ್ದರು.

"ರೋಗದ ಗಿಡ ಒಬ್ಬರ ಹೊಲದ್ದು ಇನ್ನೊಬ್ಬರ ಕಟ್ಟಿಗೆ ಸೇರಸಂಗಿಲ್ರಿ ನಮ್ಮಲ್ಲಿ. ಸೇರಿಸಿದ್ರ ಬೀಗರೂ ಮಾತಾಡ್ಸಂಗಿಲ್ಲ. ನಾ ಕಲಸೇನಿ ಅಂತೀರಿ?" ಶಾಲುಬಾಯಿ ನಿಂತೇ ಕೇಳಿದಳು.

"ನಾ ಅಲ್ರಿ, ಕಂಪ್ಯೂಟರ್ ಅಂತದ."

"ಕಂಪ್ಯೂಟರಿಗೆ ನಾವು ಅರ್ಧಾನೇ ಓದ್ಸೇವಿ ಸರ್," ಎಂದಳು ಮಹಾಮಾಯಾ. ಶಿಲೀಂಧ್ರದ ವಂಶವಾಹಿಯೊಳಗೆ ಕೆಲವು ತುಣುಕುಗಳಿರುತ್ತವೆ. ತಮ್ಮನ್ನೇ ನಕಲು ಮಾಡಿಕೊಂಡು ಬೇರೆ ಬೇರೆ ಕಡೆ ಹೋಗಿ ಕೂಡುತ್ತವೆ. ಮತ್ತೆ ಮತ್ತೆ ಅದೇ ಬರುತ್ತದೆಂದು ಓದುವ ಮೊದಲೇ ಅವನ್ನು ಕಸವೆಂದು ಬದಿಗಿಡುವುದು ರೂಢಿ.

"ಹೊಲದಾಗಿನ ಕರಕಿ ಹುಲ್ಲಿನ ಹಂಗೇನ?" ಎಂದಳು ತಾಯಿ.

"ಹಂಗೇ ಅವ್ವಾ. ಕರಕಿ ಎಲ್ಲಾ ಕಡಿ ಒಂದೇ. ಖರೆ, ಎರಡು ಹೊಲದಾಗ ಅದೇ ಜಾಗಾದಾಗ ಬೆಳಿಯಂಗಿಲ್ಲ. ಎಲ್ಲೆಲ್ಲಿ ಕೂತದ ಅಂತ ಈ ಸಲ ಅದನ್ನೇ ಎಣಿಸೇನಿ."

ಪರದೆಯ ಮೇಲೆ ಎರಡು ಗುಂಪು ಬೇರೆಬೇರೆಯಾಗಿ ನಿಂತವು. ಔರಾದದ್ದು ಇಪ್ಪತ್ತೂ ಒಂದು ಕಡೆ. ಭಾಲ್ಕಿಯದ್ದು ಇನ್ನೊಂದು ಕಡೆ, ಆದರೆ ಹತ್ತೊಂಬತ್ತೇ. ಭಾಲ್ಕಿ ಕಟ್ಟಿನ ಹದಿನೇಳನೆಯ ನಂಬರು ಔರಾದದ ಗುಂಪಿನೊಳಗೆ ಹೋಗಿ ಕೂತಿತ್ತು.

"ನೋಡ್ರಿ, ಕಲಸ್ಯದ," ಎಂದರು ಸಾಹೇಬರು.

ಮಹಾಮಾಯಾಳ ಮುಖ ಇಳಿಯಿತು. ಶಾಲುಬಾಯಿ ಆ ಹದಿನೇಳನ್ನೇ ನೋಡಿದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಗಳ ಎರಡು ವರ್ಷ ಆ ಒಂದು ಗಿಡಕ್ಕೆ ಹೋಗುತ್ತಿತ್ತು.

"ಆ ಒಂದು ನನ್ನ ಹೊಲದ್ದೇ ಅದರಿ," ಎಂದಳು. "ತಂಗಿ ಹೊಲದಾಗ ಹತ್ತೊಂಬತ್ತೇ ಸಿಕ್ಕಿದ್ವು. ಇಕಿ ಇಪ್ಪತ್ತು ಅಂದಿದ್ಲು. ಎಣಿಸಿ ಕೊಡೋವಾಗ ಒಂದು ಕಮ್ಮಿ ಹ್ಯಾಂಗ ಕೊಡ್ಲಿರಿ? ತಂಗಿ ಮರ್ಯಾದಿ ಹೋಗ್ತದ. ನನ್ನ ಕಟ್ಟಿನಾಗ ಹೆಚ್ಚಿಗಿದ್ದದ್ದು ಒಂದು ತುರುಕಿದೆ. ಬೇರು ಎರಡಾಗಿ ಸೀಳಿತ್ತು ಅದರದ್ದು."

ಮಹಾಮಾಯಾ ನಮೂನೆಗಳ ಪುಸ್ತಕ ತೆಗೆದಳು. ಹದಿನೇಳರ ಮುಂದೆ ಅವಳದೇ ಅಕ್ಷರದಲ್ಲಿತ್ತು: ಸೀಳುಬೇರು.

ಸಾಹೇಬರು ಪುಸ್ತಕ ನೋಡಿದರು, ಪರದೆ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಯಾರೂ ಹೇಳದಿದ್ದ ಒಂದು ಗಿಡವನ್ನು ಹುಡುಗಿಯ ಲೆಕ್ಕ ಹುಡುಕಿ ತೆಗೆದಿತ್ತು. ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ಅವರಿಂದಲೂ ಒಡ್ಡಲಾಗುತ್ತಿರಲಿಲ್ಲ.

"ಮೂವತ್ತೊಂಬತ್ತು ಇಟ್ಕೋ. ಹದಿನೇಳರ ಕಥಿ ಹಂಗೇ ಬರಿ," ಎಂದರು ಕೊನೆಗೆ. "ನಾ ತಪ್ಪಿದ್ದೆ. ಈ ಕಸ ಇನ್ನ ನಮ್ಮಲ್ಲಿ ಯಾರೂ ತೆಗಿಬಾರದು."

ಮಹಾಮಾಯಾ ತಾಯಿಯ ಕಡೆ ತಿರುಗಿ, "ಅವ್ವಾ, ನನಗರ ಹೇಳಬಾರ್ದೇನು?" ಎಂದು ಸಿಟ್ಟು ಮಾಡಿದಳು.

ಶಾಲುಬಾಯಿ ಸೆರಗು ಸರಿಮಾಡಿಕೊಂಡು, ವರಾಂಡದಲ್ಲಿದ್ದವರಿಗೂ ಕೇಳುವ ಹಾಗೆ ಸಾಹೇಬರಿಗೆ ಹೇಳಿದಳು: "ನೋಡ್ರಿ ಸಾಹೇಬ್ರ, ಹಡೆದ ತಾಯಿಯ ಕಳವು ಸುದ್ದಾ ಹಿಡೀದ ಬಿಡಲಿಲ್ಲ ನನ್ನ ಮಗಳು!"